ಹೋಲಿಕೆ ಕಣ್ಣಿನಲ್ಲಿಲ್ಲ: ಮನುಷ್ಯಾಕೃತಿಯ ಗೆರೆಯಿಂದ ತೈಲವರ್ಣದ ಭಾವಚಿತ್ರದವರೆಗೆ

ಮುಸ್ಸಂಜೆಯಲ್ಲಿ ಬೀದಿಯ ಆ ತುದಿಯಿಂದ ಯಾರೋ ನಡೆದು ಬರುತ್ತಿರುತ್ತಾರೆ. ಕಣ್ಣು ಮೂಗು ಏನೂ ಕಾಣುವುದಿಲ್ಲ. ಆದರೂ ಬರುತ್ತಿರುವುದು ಸೋದರಮಾವ ಎಂದು ಗೊತ್ತಾಗಿಬಿಡುತ್ತದೆ. ತಲೆಯ ಆಕಾರ, ಕತ್ತು ಹೆಗಲಿಗೆ ಕೂಡಿಕೊಂಡ ಬಗೆ, ಒಂದು ಪಕ್ಕಕ್ಕೆ ವಾಲಿದ ನಡಿಗೆ ಇಷ್ಟೇ ಸಾಕು. ಭಾವಚಿತ್ರ ಕಲಿಯುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಹೆಚ್ಚಿನವರು ಹಾಳೆ ಸಿಕ್ಕ ತಕ್ಷಣ ಕಣ್ಣಿನಿಂದ ಶುರುಮಾಡಿ, ರೆಪ್ಪೆಯ ಕೂದಲನ್ನೂ ಬಿಡದೆ ಬರೆದು, ಕೊನೆಗೆ ಆ ಕಣ್ಣಿಗೆ ತಕ್ಕ ತಲೆ ಹೊಂದಿಸಲಾಗದೆ ಒದ್ದಾಡುತ್ತಾರೆ.

ಮುಂದೆ ಹೇಳುವುದು ದಿನಕ್ಕೆ ಒಂದು ಗಂಟೆ, ವಾರಕ್ಕೊಮ್ಮೆ ಮೂರು ಗಂಟೆ ಕೊಡಬಲ್ಲವರಿಗೆ ಸುಮಾರು ಒಂದು ವರ್ಷದ ದಾರಿ. ಕಲಾಶಾಲೆಯಲ್ಲಿದ್ದರೆ ಮಾಡೆಲ್ ಸಿಗುತ್ತಾರೆ. ಮನೆಯಲ್ಲೇ ಕಲಿಯುವವರಿಗೆ ಅವರೆಕಾಯಿ ಸುಲಿಯುತ್ತಾ ಕೂತ ಅಜ್ಜಿ, ಬಸ್‌ಸ್ಟ್ಯಾಂಡ್‌ನಲ್ಲಿ ತೂಕಡಿಸುವವರು, ಸಂತೆಯಲ್ಲಿ ಕೂತ ವ್ಯಾಪಾರಿಗಳು ಮಾಡೆಲ್‌ಗಳೇ.

ಸಾಮಾನು

ಮೊದಲ ಆರು ತಿಂಗಳಿಗೆ ಬಣ್ಣ ಬೇಡವೇ ಬೇಡ. 18×24 ಇಂಚಿನ ಒಂದು ಹಲಗೆ, ನಾಲ್ಕು ಕ್ಲಿಪ್, ಬೇಗ ಬರೆಯುವುದಕ್ಕೆ ನ್ಯೂಸ್‌ಪ್ರಿಂಟ್ ಹಾಳೆಯ ಕಟ್ಟು, ನಿಧಾನದ ಚಿತ್ರಕ್ಕೆ 150 ಜಿಎಸ್‌ಎಂಗೆ (ಹಾಳೆಯ ತೂಕದ ಅಳತೆ) ಕಡಿಮೆಯಿಲ್ಲದ ಕಾರ್ಟ್ರಿಜ್ ಹಾಳೆ. 2ಬಿ, 4ಬಿ, 6ಬಿ ಪೆನ್ಸಿಲ್, ಕಡ್ಡಿ ಚಾರ್ಕೋಲ್ (ಚಿತ್ರ ಬರೆಯುವ ಇದ್ದಿಲು), ಎರಡು ಚಾರ್ಕೋಲ್ ಪೆನ್ಸಿಲ್, ಹಿಟ್ಟಿನ ಹಾಗೆ ನಾದಬಹುದಾದ ಪುಟ್ಟಿ ರಬ್ಬರ್, ಒಂದು ಹಳೆಯ ಹತ್ತಿ ಬಟ್ಟೆ. ಪೆನ್ಸಿಲ್ ಹೆರೆಯಲು ಶಾರ್ಪನರ್ ಬದಲು ಕಟರ್ ಬ್ಲೇಡ್ ಬಳಸಿ. ಸೀಸ ಮುಕ್ಕಾಲು ಇಂಚಾದರೂ ಹೊರಗಿದ್ದರೆ ಅದರ ಪಕ್ಕದಿಂದ ಅಗಲವಾಗಿ ಛಾಯೆ ಕೊಡಬಹುದು. ಮೊನೆಯಿಂದ ಬರೆದರೆ ಗೆರೆ ಮಾತ್ರ ಸಿಗುತ್ತದೆ.

ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ಬರೆಯಬೇಡಿ. ಹಾಳೆಯ ಮೇಲ್ಭಾಗ ಕಣ್ಣಿನಿಂದ ದೂರವಿರುವುದರಿಂದ ಕುಗ್ಗಿ ಕಾಣುತ್ತದೆ, ಅದನ್ನು ಸರಿದೂಗಿಸಲು ಕೈ ತನಗೆ ತಿಳಿಯದೆಯೇ ಅಲ್ಲಿ ದೊಡ್ಡದಾಗಿ ಬರೆಯುತ್ತದೆ. ಎತ್ತಿ ಹಿಡಿದು ನೋಡಿದಾಗ ಮನುಷ್ಯ ದೊಡ್ಡ ತಲೆಯ ಬೊಂಬೆಯಾಗಿರುತ್ತಾನೆ. ಹಲಗೆ ನಿಲ್ಲಿಸುವ ಈಸೆಲ್ ಇಲ್ಲದಿದ್ದರೆ ಕುರ್ಚಿಯ ಬೆನ್ನಿಗೆ ಹಲಗೆ ಒರಗಿಸಿ, ನೋಟಕ್ಕೆ ನೇರವಾಗಿ ನಿಲ್ಲಿಸಿದರಾಯಿತು.

ಮೊದಲ ಎರಡು ತಿಂಗಳು: ಭಂಗಿ ಹಿಡಿಯುವುದು

ದಿನಕ್ಕೆ ಅರ್ಧ ಗಂಟೆ ಹೀಗೆ ಹಂಚಿಕೊಳ್ಳಿ: 30 ಸೆಕೆಂಡಿನ ಹತ್ತು ಚಿತ್ರ, 2 ನಿಮಿಷದ ಐದು, 5 ನಿಮಿಷದ ಮೂರು. ಮೊಬೈಲ್‌ನಲ್ಲಿ ಟೈಮರ್ ಇಟ್ಟು, ಅದು ಕೂಗಿದ ಕೂಡಲೇ ಕೈ ಎತ್ತಬೇಕು. ಉಳಿದ ಅರ್ಧ ಗಂಟೆ ಮುಂದೆ ಬರುವ ಅಳತೆಯ ಅಭ್ಯಾಸಕ್ಕೆ.

30 ಸೆಕೆಂಡಿನಲ್ಲಿ ಬರೆಯುವುದು ಮನುಷ್ಯನ ಅಂಚನ್ನಲ್ಲ, ಅವನು ಮಾಡುತ್ತಿರುವ ಕೆಲಸವನ್ನು. ನೆತ್ತಿಯಿಂದ ಭಾರ ಹೊತ್ತ ಪಾದದವರೆಗೆ ಹರಿಯುವ ಒಂದೇ ಉದ್ದ ಗೆರೆ, ಹೆಗಲಿಗೊಂದು ಓರೆ ಗೆರೆ, ಸೊಂಟಕ್ಕೊಂದು ಓರೆ ಗೆರೆ, ತಲೆಗೊಂದು ಮೊಟ್ಟೆ. ಸಮಯ ಉಳಿದರೆ ಕೈಕಾಲು. ಬೆರಳಿನಿಂದಲ್ಲ, ಹೆಗಲಿನಿಂದ ಕೈಯಾಡಿಸಿ. ಬೆರಳು, ಮಣಿಕಟ್ಟು ಮಾತ್ರ ಆಡಿದರೆ ಗೆರೆ ತುಂಡುತುಂಡಾಗಿ ಹುಲ್ಲಿನ ಹಾಗೆ ಕಾಣುತ್ತದೆ. ಆ ರೋಗಕ್ಕೆ ದೊಡ್ಡ ಹಾಳೆಯೇ ಔಷಧ.

ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತವರನ್ನು ಗಮನಿಸಿ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆ ಹೆಗಲು ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಗಂಟಲ ಕುಳಿಯಿಂದ ನೇರ ಕೆಳಗೆ ದಾರ ಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರವೇ ಬೀಳುತ್ತದೆ. ಬೀಳದಿದ್ದರೆ ಚಿತ್ರದ ಮನುಷ್ಯ ಇನ್ನೇನು ಮಗುಚಿಕೊಳ್ಳುವವನಂತೆ ಕಾಣುತ್ತಾನೆ. ಇದನ್ನು ನೋಡಲು ಗಾರೆ ಕೆಲಸದವರ ಉಪಾಯವೇ ಸಾಕು: ಒಂದು ಮೊಳ ದಾರ, ತುದಿಗೊಂದು ಕಬ್ಬಿಣದ ನಟ್ಟು.

ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಈ ಹಂತದಲ್ಲಿ ನೋಡಿದರೆ ಲಾಭ ಹೆಚ್ಚು. ಲಯ ಅರಿಯಲೆಂದು ಅವರು ಕಥಕ್ ಕಲಿತಿದ್ದರು. ನಾಲ್ಕೈದು ಗೆರೆಗಳಲ್ಲಿ ಇಡೀ ಮೈ ತಿರುಗಿ ನಿಂತಿರುತ್ತದೆ. ಗೆರೆ ಎಲ್ಲಿ ಕಡಿದಿದೆ, ಎಲ್ಲಿ ದಪ್ಪವಾಗಿದೆ ಎಂದು ನೋಡಿ ಹಾಗೆಯೇ ನಕಲು ಮಾಡಿ.

ಅಳತೆ

ಕೈಯನ್ನು ಪೂರ್ತಿ ಚಾಚಿ, ಮೊಣಕೈ ಮಡಿಸದೆ, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ನೋಟಕ್ಕೆ ಅಡ್ಡವಾಗಿ ಹಿಡಿಯಿರಿ. ಪೆನ್ಸಿಲ್ ತುದಿಗೆ ನೆತ್ತಿ, ಹೆಬ್ಬೆರಳ ಉಗುರಿಗೆ ಗದ್ದ ಬರಲಿ. ಅದೇ ಒಂದು ತಲೆ. ಅದನ್ನು ಕೆಳಕ್ಕೆ ಇಳಿಸುತ್ತಾ ಎಣಿಸಿ. ಮೊಣಕೈ ಒಮ್ಮೆ ಮಡಿಸಿ ಇನ್ನೊಮ್ಮೆ ಚಾಚಿದರೆ ಎಣಿಕೆ ಹಾಳು. ಅಳತೆ ತಪ್ಪಲು ಮುಖ್ಯ ಕಾರಣವೇ ಇದು, ಎರಡನೆಯದು ನಿಂತ ಜಾಗ ಬದಲಾಗುವುದು. ಪಾದದ ಸುತ್ತ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಪೂರ್ತಿ ಮೈ ಬರೆಯುವಾಗ ಮಾಡೆಲ್‌ನಿಂದ 12–15 ಅಡಿ ದೂರ ಇರಬೇಕು. ತೀರ ಹತ್ತಿರವಾದರೆ ಮುಖಕ್ಕೆ ಒಂದು ನೋಟ, ಪಾದಕ್ಕೆ ಬಗ್ಗಿದ ಇನ್ನೊಂದು ನೋಟ ಆಗಿ ಕಾಲು ಮೋಟಾಗುತ್ತವೆ.

ನಿಂತ ವಯಸ್ಕರು ಸುಮಾರು ಏಳೂವರೆ ತಲೆ. ಮೊದಲ ತಲೆ ಗದ್ದಕ್ಕೆ, ಎರಡನೆಯದು ಎದೆಯ ತೊಟ್ಟಿಗೆ, ಮೂರನೆಯದು ಹೊಕ್ಕುಳ ಹತ್ತಿರ ಮುಗಿಯುತ್ತದೆ. ಮೈಯ ಅರ್ಧ ಬರುವುದು ಸೊಂಟದಲ್ಲಲ್ಲ, ತೊಡೆಗಳು ಕೂಡುವಲ್ಲಿ. ಕೈ ಇಳಿಬಿಟ್ಟರೆ ಮಣಿಕಟ್ಟು ಅದೇ ಮಟ್ಟಕ್ಕೆ, ಬೆರಳ ತುದಿ ತೊಡೆಯ ನಡುವಿಗೆ ಬರುತ್ತದೆ. ಅಂಗೈ ಸೇರಿದ ಹಸ್ತ ಗದ್ದದಿಂದ ಕೂದಲಂಚಿನವರೆಗಿನ ಮುಖದಷ್ಟು. ನಂಬಿಕೆಯಿಲ್ಲದಿದ್ದರೆ ನಿಮ್ಮ ಕೈ ನಿಮ್ಮ ಮುಖಕ್ಕೇ ಇಟ್ಟು ನೋಡಿ. ಕಲಿಯುವವರ ಚಿತ್ರದಲ್ಲಿ ಹಸ್ತ, ಪಾದ ಯಾವಾಗಲೂ ಚಿಕ್ಕವು.

ನಮ್ಮ ಶಿಲ್ಪಶಾಸ್ತ್ರದ ತಾಲಮಾನವನ್ನು, ಅಂದರೆ ಮೂರ್ತಿಗಳ ಅಳತೆಯ ಪದ್ಧತಿಯನ್ನು, ಓದಿದವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ನವತಾಲದ ಮೂರ್ತಿ ಒಂಬತ್ತು ತಾಲ, ಅಂದರೆ 108 ಅಂಗುಲ. ಅಲ್ಲಿನ ತಾಲ ಕೂದಲಂಚಿನಿಂದ ಗದ್ದದವರೆಗಿನ ಮುಖದ ಅಳತೆ, ನೆತ್ತಿಯಿಂದ ಗದ್ದದವರೆಗಿನ ತಲೆಯದಲ್ಲ. ಎರಡನ್ನೂ ಬೆರೆಸಿದರೆ ಮನುಷ್ಯ ತೆಂಗಿನ ಮರವಾಗುತ್ತಾನೆ.

ಪಾಶ್ಚಾತ್ಯ ಕೈಪಿಡಿಗಳಲ್ಲಿ ಹೆಚ್ಚು ಸಿಗದ, ನಮಗೆ ದಿನವೂ ಬೇಕಾಗುವ ಅಳತೆ ನೆಲದ ಮೇಲೆ ಕೂತವರದು. ಚಕ್ಕಳಮಕ್ಕಳ ಹಾಕಿ ಬೆನ್ನು ನೆಟ್ಟಗೆ ಕೂತರೆ ನೆಲದಿಂದ ನೆತ್ತಿಗೆ ಸುಮಾರು ನಾಲ್ಕು ತಲೆ. ಕುರ್ಚಿಯ ಮೇಲೆ ಕೂತರೆ ಸುಮಾರು ಆರು. ಚಕ್ಕಳಮಕ್ಕಳದಲ್ಲಿ ಕಷ್ಟ ಇರುವುದು ತೊಡೆಯಲ್ಲಿ. ಅದು ನೇರ ನಮ್ಮ ಕಡೆಗೇ ಚಾಚಿರುವುದರಿಂದ ಉದ್ದ ಕಾಣುವುದೇ ಇಲ್ಲ. ಆದರೆ ತೊಡೆ ಉದ್ದವೆಂದು ಬಲ್ಲ ಮನಸ್ಸು ಉದ್ದವಾಗಿಯೇ ಬರೆಯುತ್ತದೆ. ಹೀಗಾದಾಗ ತೊಡೆಯನ್ನು ಮರೆತು, ಮಂಡಿ ಮತ್ತು ಮುಂಡದ ನಡುವೆ ಕಾಣುವ ಖಾಲಿ ಜಾಗದ ಆಕಾರ ಬರೆಯಿರಿ. ತೋಳಿಗೂ ಪಕ್ಕೆಗೂ ನಡುವಿನ ತ್ರಿಕೋನ, ಎರಡು ಕಾಲುಗಳ ನಡುವಿನ ಸಂದಿ, ಇವಕ್ಕೆ ಹೆಸರಿಲ್ಲದ್ದರಿಂದ ಮನಸ್ಸು ಮೋಸ ಮಾಡುವುದಿಲ್ಲ.

ಸೀರೆ, ಪಂಚೆ ಉಟ್ಟವರನ್ನು ಬರೆಯುವಾಗ ಒಳಗಿನ ಮೈಯನ್ನು ತೆಳುವಾಗಿ ಮೊದಲು ಬರೆದು, ಬಟ್ಟೆ ಎಲ್ಲಿಂದ ಜಗ್ಗಿದೆ ಎಂದು ಹುಡುಕಿ. ಹೆಗಲು, ಸೊಂಟ, ಮಂಡಿ ಈ ಮೂರು ಕಡೆಯಿಂದಲೇ ಹೆಚ್ಚಿನ ಮಡಿಕೆಗಳು ಹೊರಡುತ್ತವೆ. ನೆರಿಗೆ ಎಣಿಸಿ ಬರೆಯುವುದು ವ್ಯರ್ಥ. ಒಟ್ಟು ನೆರಿಗೆ ಒಂದು ಕಂಬ ಎಂದು ನೆರಳು ಹಾಕಿ, ಮೇಲೆ ಎರಡೋ ಮೂರೋ ಮಡಿಕೆ ತೋರಿಸಿದರೆ ಸಾಕು.

ಮೂಳೆ ಎಷ್ಟು ಗೊತ್ತಿರಬೇಕು

ವೈದ್ಯಕೀಯದಷ್ಟು ಬೇಡ. ಚರ್ಮದ ಕೆಳಗೆ ಕೈಗೆ ಸಿಗುವ ಮೂಳೆಗಳು ಸಾಕು: ಕೊರಳೆಲುಬಿನ ಎರಡು ತುದಿ, ಹೆಗಲ ತುದಿ, ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಎದ್ದು ಕಾಣುವ ಗಂಟು, ಮೊಣಕೈ, ಸೊಂಟದ ಮುಂದಿನ ಎರಡು ಮೂಳೆ, ಮಂಡಿಚಿಪ್ಪು, ಪಾದದ ಮೇಲಿನ ಹರಡಿನ ಗಂಟುಗಳು. ಒಳಗಿನ ಹರಡಿನ ಗಂಟು ಹೊರಗಿನದಕ್ಕಿಂತ ಮೇಲಿರುತ್ತದೆ. ಈ ಒಂದು ಓರೆ ಸರಿಯಾದರೆ ಪಾದ ನೆಲದ ಮೇಲೆ ಕೂರುತ್ತದೆ. ಎರಡೂ ಸಮನಾದರೆ ಪಾದ ಅಂಟಿಸಿದಂತೆ. ಮೈಸೂರಿನಲ್ಲಿರುವವರಿಗೆ ಗರಡಿ ಮನೆಗಳಿವೆ. ಪೈಲ್ವಾನರ ಮೈಯಲ್ಲಿ ಮಾಂಸಖಂಡ ಬಿಡಿಬಿಡಿಯಾಗಿ ಕಾಣುವುದರಿಂದ, ಒಪ್ಪಿಗೆ ಕೇಳಿ ಒಂದು ಮೂಲೆಯಲ್ಲಿ ಕೂತು ಬರೆದರೆ ಪುಸ್ತಕದಿಂದ ತಿಂಗಳಲ್ಲಿ ತಿಳಿಯದ್ದು ವಾರದಲ್ಲಿ ತಿಳಿಯುತ್ತದೆ.

ತಲೆ

ಸುಲಿದ ತೆಂಗಿನಕಾಯಿಯನ್ನು ಒಂದು ಲೋಟದ ಮೇಲಿಟ್ಟು ವಾರವಿಡೀ ಬರೆಯಿರಿ. ಅದರ ಮೇಲೆ ಸೀಮೆಸುಣ್ಣದಿಂದ ಮುಖದ ನಡುಗೆರೆ, ಕಣ್ಣಿನ ಗೆರೆ ಎಳೆದು, ಕಾಯಿಯನ್ನು ಮೇಲೆ ಕೆಳಗೆ ಪಕ್ಕಕ್ಕೆ ತಿರುಗಿಸುತ್ತಾ ಆ ಗೆರೆಗಳು ಹೇಗೆ ಬಾಗುತ್ತವೆ ನೋಡಿ. ತಲೆ ಎತ್ತಿದ ಮುಖದಲ್ಲಿ ಕಿವಿ ಕಣ್ಣಿಗಿಂತ ಕೆಳಗೆ ಇಳಿದಂತೆ, ತಗ್ಗಿಸಿದ ಮುಖದಲ್ಲಿ ಮೇಲೇರಿದಂತೆ ಕಾಣುವುದು ಈ ಬಾಗಿನಿಂದಲೇ.

ನೇರ ಮುಖಕ್ಕೆ ಆರಂಭದ ಅಳತೆಗಳು: ಕಣ್ಣು ನೆತ್ತಿಗೂ ಗದ್ದಕ್ಕೂ ಸರಿ ಅರ್ಧದಲ್ಲಿ. ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಮೂಗಿನ ಬುಡದಿಂದ ಗದ್ದ ಹೆಚ್ಚುಕಡಿಮೆ ಸಮ ಪಾಲು. ತುಟಿಗಳು ಕೂಡುವ ಗೆರೆ ಮೂಗಿನ ಬುಡದಿಂದ ಗದ್ದಕ್ಕೆ ಹೋಗುವ ದಾರಿಯ ಮೂರನೇ ಒಂದು ಭಾಗದಲ್ಲಿ. ಕಣ್ಣಿನ ಮಟ್ಟದಲ್ಲಿ ತಲೆಯ ಅಗಲ ಐದು ಕಣ್ಣು, ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ. ಪಕ್ಕದಿಂದ ನೋಡಿದಾಗ ಕಣ್ಣಿನ ಹೊರತುದಿಯಿಂದ ಕಿವಿಯ ಹಿಂದಿನ ಅಂಚಿಗೆ ಇರುವ ದೂರ, ಕಣ್ಣಿನ ಮಟ್ಟದಿಂದ ಗದ್ದಕ್ಕೆ ಇರುವ ದೂರಕ್ಕೆ ಸಮ. ಈ ಕೊನೆಯದನ್ನು ಬಾಯಿಪಾಠ ಮಾಡಿ. ಮುಖವೆಂದರೆ ಕಣ್ಣು ಮೂಗು ಬಾಯಿ ಎಂದೇ ಮನಸ್ಸು ತಿಳಿದಿರುವುದರಿಂದ ಹಣೆಯ ಮೇಲಿನ ಭಾಗ, ತಲೆಯ ಹಿಂಭಾಗ ಚಿತ್ರದಲ್ಲಿ ಕತ್ತರಿಸಿ ಹೋಗುತ್ತವೆ.

ಇವೆಲ್ಲ ಸರಾಸರಿ. ನಿಮ್ಮ ಎದುರಿಗಿರುವವರು ಈ ಸರಾಸರಿಯಿಂದ ಎಲ್ಲಿ ಬೇರೆಯಾಗುತ್ತಾರೋ ಅಲ್ಲೇ ಅವರು ಅವರಾಗುವುದು. ಬರೆಯುವ ಮೊದಲು ಎರಡು ನಿಮಿಷ ಬರೀ ನೋಡಿ, ಮೂರು ವಾಕ್ಯ ಹಾಳೆಯ ಮೂಲೆಯಲ್ಲಿ ಗೀಚಿಕೊಳ್ಳಿ: ಮೂಗಿನಿಂದ ಗದ್ದ ಉದ್ದ, ದವಡೆ ಹಣೆಗಿಂತ ಅಗಲ, ಎಡ ಹುಬ್ಬು ಮೇಲೆ. ಹೋಲಿಕೆ ತಪ್ಪಿದಾಗ ಹಿಂತಿರುಗಿ ನೋಡಬೇಕಾದದ್ದು ಈ ಮೂರು ವಾಕ್ಯ, ಕಣ್ಣಿನ ರೆಪ್ಪೆಯನ್ನಲ್ಲ.

ಮಾಡೆಲ್ ಇಲ್ಲದ ದಿನ ಕನ್ನಡಿ ಇದೆ. ಒಂದು ತಮಾಷೆ: ಕನ್ನಡಿಯ ಮೇಲೆ ಕಾಣುವ ನಿಮ್ಮ ಮುಖದ ಅಂಚನ್ನು ಸೋಪಿನಿಂದ ಗುರುತು ಮಾಡಿ ಸ್ಕೇಲ್ ಇಟ್ಟು ಅಳೆಯಿರಿ, ನಿಜವಾದ ಮುಖದ ಸರಿ ಅರ್ಧ ಇರುತ್ತದೆ. ಎಷ್ಟು ದೂರ ನಿಂತರೂ ಅಷ್ಟೇ. ಮೂಗಿನ ತುದಿ ಬರುವಲ್ಲಿ ಕನ್ನಡಿಗೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿ, ಪ್ರತಿಸಲ ತಲೆ ಎತ್ತಿದಾಗ ಮೂಗನ್ನು ಅದಕ್ಕೆ ಕೂರಿಸಿದರೆ ಭಂಗಿ ಕದಲುವುದಿಲ್ಲ.

ನೆರಳು, ಎರಡೇ ಪಾಲು

ಕೋಣೆಯ ಟ್ಯೂಬ್‌ಲೈಟ್ ಮೊದಲು ಆರಿಸಿ. ಎಲ್ಲ ಕಡೆಯಿಂದ ಬೆಳಕು ಬಿದ್ದರೆ ಮುಖಕ್ಕೆ ಆಕಾರವೇ ಇರುವುದಿಲ್ಲ. ಒಂದೇ ಕಿಟಕಿ ಅಥವಾ ಒಂದೇ ಬಲ್ಬು, ಮುಖದಿಂದ ಒಂದು ಪಕ್ಕಕ್ಕೆ ಮತ್ತು ಮೇಲಕ್ಕೆ 45 ಡಿಗ್ರಿಯಷ್ಟು. ಉತ್ತರದ ಕಿಟಕಿಗೆ ನೇರ ಬಿಸಿಲು ಬಹುಪಾಲು ಬರುವುದಿಲ್ಲವಾದ್ದರಿಂದ ನೆರಳು ಬೇಗ ಸರಿಯುವುದಿಲ್ಲ.

ಈಗ ಕಣ್ಣು ಕಿರಿದು ಮಾಡಿ ನೋಡಿ. ಕಣ್ಣಿನ ಗುಳಿ, ಮೂಗಿನ ಪಕ್ಕ, ಮೇಲ್ತುಟಿ, ಕೆನ್ನೆಯ ಒಂದು ಬದಿ, ಗದ್ದದ ಕೆಳಗು ಎಲ್ಲ ಕೂಡಿಕೊಂಡು ಒಂದೇ ನಕಾಶೆಯಂತೆ ಕಾಣುತ್ತವೆ. ಆ ನಕಾಶೆಯ ಅಂಚನ್ನು ಚಾರ್ಕೋಲ್‌ನಿಂದ ತೆಳುವಾಗಿ ಬರೆದು, ಒಳಗೆಲ್ಲ ಒಂದೇ ಸಮನಾದ ನಡುಬೂದು ತುಂಬಿ. ಬೆಳಕಿನ ಕಡೆ ಹಾಳೆ ಖಾಲಿ ಇರಲಿ. ಈ ಎರಡು ಪಾಲಿನಲ್ಲೇ ಮುಖ ಗುರುತು ಸಿಗಬೇಕು. ಸಿಗದಿದ್ದರೆ ಮುಂದೆ ಹೋಗಬೇಡಿ, ಇನ್ನು ಮೇಲೆ ಹಾಕುವುದೇನೂ ಅದನ್ನು ಉಳಿಸುವುದಿಲ್ಲ. ಸಿಕ್ಕರೆ ಆಗ ಐದು ಟೋನ್‌ಗೆ, ಅಂದರೆ ತಿಳಿ-ಗಾಢದ ಐದು ಮಟ್ಟಕ್ಕೆ, ಬಿಡಿಸಿ: ನೆರಳಿನಲ್ಲಿ ಎರಡು, ಬೆಳಕಿನಲ್ಲಿ ಮೂರು.

ತಪ್ಪದ ನಿಯಮ ಒಂದೇ. ನೆರಳಿನೊಳಗಿನ ಅತಿ ತಿಳಿಯಾದ ಜಾಗವೂ ಬೆಳಕಿನೊಳಗಿನ ಅತಿ ಗಾಢ ಜಾಗಕ್ಕಿಂತ ಗಾಢವಾಗಿರಬೇಕು. ದವಡೆಯ ಕೆಳಗೆ ಬಿಳಿ ಅಂಗಿಯಿಂದ ಚಿಮ್ಮಿದ ಬೆಳಕು ನೋಡಿದಷ್ಟೂ ಹೊಳೆಯುವಂತೆ ಕಂಡು ವಿದ್ಯಾರ್ಥಿಗಳು ಅದನ್ನು ರಬ್ಬರ್‌ನಿಂದ ಬೆಳಗಿಸಿಬಿಡುತ್ತಾರೆ, ಮುಖ ತಗಡಿನದಾಗುತ್ತದೆ. ಕಣ್ಣಿನ ಬಿಳಿ ಬಿಳಿಯಲ್ಲ, ಹಲ್ಲೂ ಅಲ್ಲ. ಹುಬ್ಬಿನ ನೆರಳು ಬಿದ್ದ ಕಣ್ಣಿನ ಬಿಳಿ ಎಷ್ಟೋ ಸಲ ಕೆನ್ನೆಗಿಂತ ಗಾಢ.

ಬೆರಳಿನಿಂದ ಉಜ್ಜಬೇಡಿ. ಕೈಯ ಎಣ್ಣೆ ಹತ್ತಿ ಚಾರ್ಕೋಲ್ ಕಲೆಯಾಗಿ ನಿಲ್ಲುತ್ತದೆ, ಆಮೇಲೆ ಅಳಿಸಲಾಗದು. ಬಟ್ಟೆಯಿಂದ ಬಡಿದು ತೆಗೆಯಿರಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಹಾಳೆ ತೇವ ಹೀರಿ ಚಾರ್ಕೋಲ್ ಮಚ್ಚೆಮಚ್ಚೆಯಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡುವುದೇ ದಾರಿ.

ಬಣ್ಣಕ್ಕೆ ಇಳಿಯುವಾಗ

ಮೊದಲ ಮೂರು ತೈಲಚಿತ್ರ ಎರಡೇ ಬಣ್ಣದಲ್ಲಿ: ಬರ್ಂಟ್ ಅಂಬರ್ (ಗಾಢ ಕಂದು), ಟೈಟಾನಿಯಂ ಬಿಳಿ. ನಂತರದ ಮೂರು ನಾಲ್ಕೇ ಬಣ್ಣದಲ್ಲಿ: ಬಿಳಿ, ಯೆಲ್ಲೋ ಓಕರ್ (ಮಣ್ಣು ಹಳದಿ), ಒಂದು ಕೆಂಪು, ಐವರಿ ಬ್ಲ್ಯಾಕ್ (ಕಪ್ಪು). ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನಲ್ಲಿ ಕರೆಯುವ ಈ ಜೋಡಣೆಯಲ್ಲಿ ಕಪ್ಪು ಬಿಳಿಯೊಂದಿಗೆ ಸೇರಿ ನೀಲಿಯಂತೆ, ಓಕರ್‌ನೊಂದಿಗೆ ಸೇರಿ ಹಸಿರಿನಂತೆ ವರ್ತಿಸುತ್ತದೆ. ಅದಾದ ಮೇಲೆ ಬರ್ಂಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ನೀಲಿ), ಅಲಿಜರಿನ್ ಕ್ರಿಮ್‌ಸನ್ (ಗಾಢ ಕೆಂಪು) ಸೇರಿಸಿ.

'ಚರ್ಮದ ಬಣ್ಣ' ಎಂದು ಟ್ಯೂಬಿನಲ್ಲಿ ಮಾರುವ ಗುಲಾಬಿಯನ್ನು ಕೊಳ್ಳಬೇಡಿ, ಅದು ನಮ್ಮಲ್ಲಿ ಯಾರ ಚರ್ಮವೂ ಅಲ್ಲ. ಗೋಧಿ ಬಣ್ಣದವರ ಬೆಳಕಿನ ಭಾಗಕ್ಕೆ ಓಕರ್ 2 ಪಾಲು, ಬರ್ಂಟ್ ಸಿಯೆನ್ನಾ 1, ಬಿಳಿ 2 ಎಂದು ಶುರುಮಾಡಿ ಎದುರಿಗಿರುವವರಿಗೆ ತಕ್ಕಂತೆ ತಿದ್ದಿ. ಎಣ್ಣೆಗೆಂಪು, ಕಪ್ಪು ಮೈಗೆ ಸಿಯೆನ್ನಾ 3, ಓಕರ್ 1, ಅಲ್ಟ್ರಾಮರೀನ್ ಅರ್ಧ ಪಾಲು, ಬಿಳಿ ಚಿಟಿಕೆಯಷ್ಟು. ನೆರಳಿಗೆ ಸಿಯೆನ್ನಾ, ಅಲ್ಟ್ರಾಮರೀನ್, ತುಸು ಅಲಿಜರಿನ್ ಸಾಕು. ಅದಕ್ಕೆ ಬಿಳಿ ಸೇರಿಸಲೇಬೇಡಿ. ಕಪ್ಪು ಮೈಯನ್ನು ಬೆಳಗಿಸಲು ಬಿಳಿ ಸುರಿದರೆ ವಿಭೂತಿ ಬಳಿದಂತೆ ಬೂದಿಯಾಗುತ್ತದೆ. ಬೆಳಗಿಸಬೇಕಾದಲ್ಲಿ ಓಕರ್, ಕೆಂಪಿನಿಂದ ಬೆಳಗಿಸಿ. ಬಿಳಿಯನ್ನು ಹಣೆ, ಮೂಗಿನ ತುದಿ, ಕೆನ್ನೆಮೂಳೆಯ ಹೊಳಪಿಗೆ ಉಳಿಸಿಕೊಳ್ಳಿ. ಕಿಟಕಿ ಬೆಳಕಿನಲ್ಲಿ ಆ ಹೊಳಪು ನೀಲಿಗೆ ತಿರುಗಿರುತ್ತದೆ, ಬಿಳಿಯ ಜೊತೆ ತುಸು ಅಲ್ಟ್ರಾಮರೀನ್ ಬೇಕು. ಎಣ್ಣೆ ಹಚ್ಚಿ ಬಾಚಿದ ಕರಿಗೂದಲಿನ ಹೊಳಪಿಗೂ ಇದೇ ಮಾತು.

ಒಂದು ಭಾವಚಿತ್ರ, ನಾಲ್ಕು ಕೂರಿಕೆ

16×20 ಇಂಚಿನ ಕ್ಯಾನ್ವಾಸ್. ಹಿಂದಿನ ದಿನವೇ ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಅಂಬರ್ ಬಳಿದು ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಬಿಳಿ ಕ್ಯಾನ್ವಾಸ್ ಮೇಲೆ ಯಾವ ಬಣ್ಣ ಇಟ್ಟರೂ ಗಾಢವಾಗಿ ಕಾಣುವುದರಿಂದ ಚಿತ್ರ ಕೊನೆಗೆ ಪೇಲವವಾಗುತ್ತದೆ. ತಲೆ 7–8 ಇಂಚು ಮೀರದಿರಲಿ. ನಿಜದ ತಲೆಗಿಂತ ದೊಡ್ಡದಾದರೆ ಗೋಡೆಯ ಮೇಲೆ ಕಟೌಟ್‌ನಂತೆ ಕಾಣುತ್ತದೆ. ಮಾಡೆಲ್ 25 ನಿಮಿಷ ಕೂತು 5 ನಿಮಿಷ ಎದ್ದಾಡಲಿ. ಕುರ್ಚಿಯ ಕಾಲಿಗೆ, ಅವರ ಪಾದಕ್ಕೆ ನೆಲದ ಮೇಲೆ ಗುರುತು ಹಾಕಿರಿ.

ಮೊದಲ ಸಲ ಎರಡು ಗಂಟೆ. ತೆಳು ಅಂಬರ್‌ನಲ್ಲಿ ಕುಂಚದಿಂದಲೇ ತಲೆ, ಕತ್ತು, ಹೆಗಲಿನ ಜಾಗ ಗುರುತಿಸಿ. ನೆರಳಿನ ನಕಾಶೆ ತುಂಬಿ, ಬೆಳಕಿನ ಭಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಹಿನ್ನೆಲೆಯನ್ನೂ ಈಗಲೇ ಬಳಿಯಬೇಕು. ಹಿನ್ನೆಲೆ ಕೊನೆಗೆ ಎಂದು ಬಿಟ್ಟವರ ಮುಖದ ಟೋನ್ ಎಲ್ಲ ಬಿಳಿ ಕ್ಯಾನ್ವಾಸ್‌ಗೆ ಹೋಲಿಸಿ ಇಟ್ಟದ್ದಾಗಿರುತ್ತದೆ, ಹಿನ್ನೆಲೆ ಬಂದ ದಿನ ಇಡೀ ಮುಖ ತಪ್ಪಾಗಿ ಕಾಣುತ್ತದೆ.

ಎರಡನೇ ಸಲ 8, 10 ನಂಬರಿನ ಬಿರುಸು ಕೂದಲಿನ ಕುಂಚದಲ್ಲಿ ದೊಡ್ಡ ಬಣ್ಣದ ತೇಪೆಗಳು: ನೆರಳಿಗೆ ಒಂದು, ನಡುಛಾಯೆಗೆ ಎರಡು, ಬೆಳಕಿಗೆ ಎರಡು. ಹಣೆ ತುಸು ಹಳದಿಗೆ, ಕೆನ್ನೆ ಮೂಗು ಕಿವಿ ಕೆಂಪಿಗೆ, ಗಡ್ಡ ಬೋಳಿಸಿದ ದವಡೆ ನೀಲಿಬೂದಿಗೆ ತಿರುಗುತ್ತವೆ. ಕಣ್ಣು ಈಗಲೂ ಬರೀ ಗುಳಿ.

ಮೂರನೇ ಸಲ ಅಂಚುಗಳು. ಮೂಗಿನ ಕೆಳಗಿನ ನೆರಳಿಗೆ ಗಟ್ಟಿ ಅಂಚು, ಕೆನ್ನೆ ತಿರುಗುವಲ್ಲಿ ಮೃದು, ಕೂದಲು ಹಿನ್ನೆಲೆಗೆ ಸೇರುವಲ್ಲಿ ಅಂಚೇ ಇಲ್ಲ. ಎಲ್ಲೆಡೆ ಗಟ್ಟಿ ಅಂಚಿದ್ದರೆ ಕತ್ತರಿಸಿ ಅಂಟಿಸಿದಂತೆ. ನಾಲ್ಕನೇ ಸಲ ಕಣ್ಣು, ಮೂಗಿನ ಹೊಳ್ಳೆ, ತುಟಿಯ ಸಂದು. ಕುಂಕುಮ, ಮೂಗುತಿ, ಮಲ್ಲಿಗೆ ದಂಡೆ ಕೊನೆಗೆ. ಮಲ್ಲಿಗೆಗೂ ನೆರಳಿನ ಕಡೆ ಇದೆ, ದಂಡೆಯ ಮುಕ್ಕಾಲು ಭಾಗ ಬೂದುಹಸಿರು, ನಾಲ್ಕಾರು ಹೂವಷ್ಟೇ ಬಿಳಿ.

ಮೊದಲ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನ ಪದರಗಳಿಗೆ ಲಿನ್‌ಸೀಡ್ (ಅಗಸೆಬೀಜದ) ಎಣ್ಣೆ ಹೆಚ್ಚು. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡುತ್ತದೆ. ಕಿಟಕಿ ತೆರೆದಿರಲಿ. ಲಿನ್‌ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಹಗ್ಗಕ್ಕೆ ಹರವಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ. ವಾರ್ನಿಷ್ ಆರು ತಿಂಗಳು ಕಳೆಯುವವರೆಗೆ ಬೇಡ.

ಈ ನಡುವೆ ಒಮ್ಮೆ ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಗೆ ಹೋಗಿ ಎಸ್.ಎಲ್. ಹಲ್ದಣಕರ್ ಅವರ 'ಗ್ಲೋ ಆಫ್ ಹೋಪ್' ಎದುರು ನಿಲ್ಲಿ. ದೀಪ ಹಿಡಿದ ಈ ಹೆಂಗಸಿನ ಚಿತ್ರವನ್ನು ಎಷ್ಟೋ ಮಂದಿ ರವಿವರ್ಮನದೆಂದು, ತೈಲವರ್ಣವೆಂದು ತಿಳಿದಿದ್ದಾರೆ. ಅದು ಜಲವರ್ಣ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿನ ಕೆಂಪು, ಮುಖದ ಮೇಲೆ ಕೆಳಗಿನಿಂದ ಬಿದ್ದ ಬೆಳಕಿನ ಅಂಚು, ಸೀರೆ ಕತ್ತಲಿಗೆ ಕರಗಿದ ಬಗೆ, ಈ ಮೂರನ್ನು ಮಾತ್ರ ನೋಡಿ ಬನ್ನಿ.

ತಪ್ಪು ಹಿಡಿಯುವುದು, ಫೋಟೋ ನೋಡಿ ಬರೆಯುವುದು

ತಿಂಗಳಿಗೊಮ್ಮೆ ಒಂದೇ ವ್ಯಕ್ತಿಯನ್ನು ಒಂದೇ ಕುರ್ಚಿಯಲ್ಲಿ ಒಂದೇ ಬೆಳಕಿನಲ್ಲಿ 40 ನಿಮಿಷ ಬರೆದು ದಿನಾಂಕ ಹಾಕಿ. ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿ ನೋಡಿದರೆ ಓರೆಯಾದ ಕಣ್ಣು ಕೂಡಲೇ ಕಾಣುತ್ತದೆ. ಕಂಡ ತಪ್ಪನ್ನು ಹಿಂಬದಿಯಲ್ಲಿ ಬರೆದಿಡಿ. ಹೆಚ್ಚಿನವರಿಗೆ ಅದೇ ಎರಡು ಮೂರು ತಪ್ಪು ಮರಳಿ ಬರುತ್ತಿರುತ್ತವೆ, ಮುಂದಿನ ತಿಂಗಳು ಅವನ್ನೇ ಮೊದಲು ಅಳೆಯಿರಿ.

ಮೊಬೈಲ್ ಫೋಟೋ ತೆಗೆಯುವುದಾದರೆ ಎರಡು ಮೂರು ಮೀಟರ್ ದೂರದಿಂದ ಜೂಮ್ ಮಾಡಿ ತೆಗೆಯಿರಿ. ಕೈಯಳತೆಯಲ್ಲಿ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. ಕಲಿಕೆ ಅರ್ಧವಾಗುವ ಹೊತ್ತಿಗೆ ಯಾರಾದರೂ ತೀರಿಹೋದ ಅಜ್ಜನ ಪಾಸ್‌ಪೋರ್ಟ್ ಅಳತೆಯ ಫೋಟೋ ತಂದು ದೊಡ್ಡದಾಗಿ ಬರೆದುಕೊಡಿ ಎಂದು ಕೇಳುತ್ತಾರೆ. ಎದುರಿನಿಂದ ಫ್ಲಾಶ್ ಬಿದ್ದ ಆ ಫೋಟೋದಲ್ಲಿ ನೆರಳೇ ಇರುವುದಿಲ್ಲ. ಅಳತೆಯನ್ನು ಫೋಟೋದಿಂದ ತೆಗೆದುಕೊಂಡು, ಅದೇ ಮುಖಕಟ್ಟಿನ ಮಗನನ್ನೋ ತಮ್ಮನನ್ನೋ ಕಿಟಕಿಯ ಪಕ್ಕ ಕೂರಿಸಿ ನೆರಳಿನ ನಕಾಶೆಯನ್ನು ಅವರಿಂದ ಕಲಿತು ಹೊಂದಿಸಿ. ಬಣ್ಣಕ್ಕೆ ಮುಂಚೆ ಚಾರ್ಕೋಲ್ ಚಿತ್ರವನ್ನು ಮನೆಯವರಿಗೆ ತೋರಿಸಿ. ಹಳೆಯ ಫೋಟೋ ಎಡಬಲ ತಿರುಗಿ ಮುದ್ರಣವಾಗಿರಬಹುದು. ಗಂಡಸರ ಅಂಗಿಯಲ್ಲಿ ತೊಟ್ಟವರ ಎಡ ಮಗ್ಗುಲು ಬಲದ ಮೇಲೆ ಬರಬೇಕು, ಸೆರಗು ಎಡ ಹೆಗಲ ಮೇಲಿರಬೇಕು. ಕೊಡವರ ಸೀರೆಯಾದರೆ ಬಲ ಹೆಗಲೇ ಸರಿ. ಅನುಮಾನ ಬಂದರೆ ಬೈತಲೆ ಯಾವ ಕಡೆ ತೆಗೆಯುತ್ತಿದ್ದರು, ಮೂಗುತಿ ಯಾವ ಹೊಳ್ಳೆಗಿತ್ತು ಎಂದು ಮನೆಯ ಹಿರಿಯರನ್ನೇ ಕೇಳಿ.